ಗೋಲಿನ ಹಿಂದಿನ ಹನ್ನೊಂದು ಅಡಿ

ಓದುಗರ ಪ್ರಶ್ನೆ: ಅಮೆರಿಕದ ಕಾಲೇಜು ಐಸ್ ಹಾಕಿಯಲ್ಲಿ ಆಡುವ ಹತ್ತೊಂಬತ್ತರ ಹರೆಯದ ಡಿಫೆನ್ಸ್‌ಮನ್ ಮುಂದೆ ಉತ್ತರ ಅಮೆರಿಕದ ಅಗ್ರ ವೃತ್ತಿಪರ ಲೀಗ್ ಆದ ಎನ್‌ಎಚ್‌ಎಲ್ ಮಟ್ಟಕ್ಕೆ ಏರಬಲ್ಲನೇ ಎಂಬುದನ್ನು ತಂಡಗಳಿಗಾಗಿ ಪ್ರತಿಭೆ ಹುಡುಕುವ ಸ್ಕೌಟ್‌ಗಳು ಹೇಗೆ ಅಂದಾಜು ಮಾಡುತ್ತಾರೆ? ಗೋಲು, ಅಸಿಸ್ಟ್‌ಗಳ ಲೆಕ್ಕ ನೋಡಿದರೆ ಸಾಲದೇ?

ಸಾಲದು. ಫಾರ್ವರ್ಡ್ ಆಟಗಾರನ ವಿಷಯದಲ್ಲಿ ಆ ಲೆಕ್ಕ ತಕ್ಕಮಟ್ಟಿಗೆ ನೆರವಾಗುತ್ತದೆ; ಡಿಫೆನ್ಸ್‌ಮನ್ ವಿಷಯದಲ್ಲಿ ದಾರಿ ತಪ್ಪಿಸುವುದೂ ಉಂಟು. ಎದುರಾಳಿಯೊಬ್ಬ ಪೆನಾಲ್ಟಿಯಿಂದಾಗಿ ಹೊರಗೆ ಕುಳಿತಿರುವ ಪವರ್‌ಪ್ಲೇ ಹೊತ್ತಿನಲ್ಲಿ ಕೋಚ್ ಯಾರನ್ನು ಕಣಕ್ಕಿಳಿಸುತ್ತಾರೋ ಅವರ ಪಾಯಿಂಟ್‌ಗಳು (ಗೋಲು ಮತ್ತು ಗೋಲಿಗೆ ನೆರವಾದ ಅಸಿಸ್ಟ್‌ಗಳ ಮೊತ್ತ) ತಾವಾಗಿಯೇ ಏರುತ್ತವೆ, ಹೀಗಾಗಿ ಅಂಕಿಗಳಲ್ಲಿ ಕಾಣುವುದು ಹುಡುಗನ ಸಾಮರ್ಥ್ಯವೋ ಕೋಚ್ ಕೊಟ್ಟ ಅವಕಾಶವೋ ಎಂದು ಬಿಡಿಸಿ ನೋಡಬೇಕಾಗುತ್ತದೆ.

ಸ್ಕೌಟ್‌ನ ಕಣ್ಣು ನಿಜವಾಗಿ ನೆಡುವುದು ಗೋಲಿನ ಹಿಂಭಾಗದಲ್ಲಿ. ಕೊಡಗಿನ ಹಾಕಿ ನೋಡಿ ಬೆಳೆದವರಿಗೆ ಇದು ವಿಚಿತ್ರವೆನಿಸಬಹುದು, ಏಕೆಂದರೆ ನಮ್ಮ ಮೈದಾನದ ಹಾಕಿಯಲ್ಲಿ ಚೆಂಡು ಬ್ಯಾಕ್‌ಲೈನ್ ದಾಟಿದೊಡನೆ ಆಟ ನಿಲ್ಲುತ್ತದೆ. ಐಸ್ ಹಾಕಿಯಲ್ಲಿ ಗೋಲು ಗೆರೆಯಿಂದ ಹಿಂದಿನ ಗೋಡೆಯವರೆಗೆ 11 ಅಡಿ ಜಾಗವಿದ್ದು, ಆಟ ಅಲ್ಲಿಯೂ ನಡೆಯುತ್ತದೆ. ಎದುರಾಳಿಗಳು ಪಕ್ಕನ್ನು, ಅಂದರೆ ಚೆಂಡಿನ ಬದಲು ಬಳಸುವ ಚಪ್ಪಟೆ ರಬ್ಬರ್ ಬಿಲ್ಲೆಯನ್ನು, ಆ ಮೂಲೆಗೆ ತಳ್ಳಿ ಅದರ ಬೆನ್ನಟ್ಟಿ ಬರುವಾಗ ಡಿಫೆನ್ಸ್‌ಮನ್ ಅವರಿಗೆ ಬೆನ್ನು ಮಾಡಿ ಗೋಡೆಯತ್ತ ಓಡಬೇಕು, ಪಕ್ಕನ್ನು ಹಿಡಿಯಬೇಕು, ಮೈಮೇಲೆ ಡಿಕ್ಕಿ ಬೀಳುವ ಮೊದಲೇ ಜೊತೆಗಾರನಿಗೆ ದಾಟಿಸಬೇಕು. ಇದಕ್ಕೆಲ್ಲ ಸಿಗುವುದು ಒಂದೆರಡು ಸೆಕೆಂಡ್. ಒಳ್ಳೆಯ ಹುಡುಗ ಪಕ್ಕನ್ನು ಮುಟ್ಟುವ ಮೊದಲೇ ಹೆಗಲ ಮೇಲಿಂದ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹಿಂತಿರುಗಿ ನೋಡಿರುತ್ತಾನೆ. ಯಾರು ಎಷ್ಟು ಹತ್ತಿರ ಬಂದಿದ್ದಾರೆ, ತನ್ನವನು ಎಲ್ಲಿ ನಿಂತಿದ್ದಾನೆ ಎಂಬುದು ಅವನಿಗೆ ಆಗಲೇ ತಿಳಿದಿರುತ್ತದೆ. ನೋಡದೆ ಹೋದವನು ಪಕ್ಕನ್ನು ಹಿಡಿದ ಮೇಲೆ ಯೋಚಿಸತೊಡಗುತ್ತಾನೆ, ಗಾಬರಿಯಲ್ಲಿ ಗೋಡೆಗುಂಟ ಬೀಸಿ ಹೊಡೆಯುತ್ತಾನೆ, ಪಕ್ ಮತ್ತೆ ಎದುರಾಳಿಯ ಪಾಲಾಗುತ್ತದೆ. ಇಂಥದ್ದು ಯಾವ ಅಂಕಪಟ್ಟಿಯಲ್ಲಿಯೂ ದಾಖಲಾಗುವುದಿಲ್ಲ. ನನ್ನನ್ನು ಕೇಳಿದರೆ, ಒಂದೇ ಒಂದು ಲಕ್ಷಣ ನೋಡಿ ತೀರ್ಪು ಕೊಡಬೇಕೆಂದಾದರೆ ಇದನ್ನೇ ನೋಡಬೇಕು.

ಎರಡನೆಯದು ಗ್ಯಾಪ್, ಅಂದರೆ ಪಕ್ ಹಿಡಿದು ನುಗ್ಗಿ ಬರುವವನಿಗೂ ಹಿಮ್ಮುಖವಾಗಿ ಜಾರುತ್ತ ಅವನನ್ನು ತಡೆಯುವವನಿಗೂ ನಡುವಿನ ಅಂತರ. ತನ್ನ ಸ್ಕೇಟಿಂಗ್ ಮೇಲೆ ನಂಬಿಕೆಯಿಲ್ಲದವನು ಬಹಳ ಹಿಂದೆ ಸರಿದು, ತನ್ನ ವಲಯದ ಗಡಿಯಾದ ಬ್ಲೂಲೈನನ್ನು ಸುಮ್ಮನೆ ಬಿಟ್ಟುಕೊಡುತ್ತಾನೆ. ಅತಿಯಾಗಿ ಹತ್ತಿರ ಹೋದವನು ಸೊಂಟ ತಿರುಗಿಸುವಷ್ಟರಲ್ಲಿ ಎದುರಾಳಿ ಪಕ್ಕದಿಂದ ಪಾರಾಗಿರುತ್ತಾನೆ. ಎತ್ತರ, ತೂಕ ಇದಾದ ನಂತರದ ಮಾತು.

ಕಾಲೇಜು ಆಟದಲ್ಲಿ ಸ್ಕೌಟ್‌ಗೆ ಅನುಕೂಲವಾದ ಒಂದು ಕ್ರಮವಿದೆ. ಬಹುಪಾಲು ಪಂದ್ಯಗಳು ಶುಕ್ರವಾರ ಮತ್ತು ಶನಿವಾರ ನಡೆಯುತ್ತವೆ, ಅನೇಕ ಸಲ ಎರಡೂ ದಿನ ಎದುರಾಳಿ ಒಂದೇ ತಂಡ. ಶುಕ್ರವಾರ ಎಡಬದಿಯಿಂದ ಮತ್ತೆ ಮತ್ತೆ ಮೋಸಹೋದ ಹುಡುಗ ಶನಿವಾರ ಏನು ಬದಲಿಸಿಕೊಂಡು ಬಂದಿದ್ದಾನೆ ಎಂಬುದು ಕಲಿಕೆಯ ನೇರ ಪರೀಕ್ಷೆಯಾಗುತ್ತದೆ. ಜೊತೆಗೆ ಎದುರಿಗಿರುವವರು ಇಪ್ಪತ್ತೆರಡು, ಇಪ್ಪತ್ಮೂರರ ಗಟ್ಟಿ ಮೈಯವರಾಗಿರುವುದರಿಂದ, ಹದಿನೆಂಟು, ಹತ್ತೊಂಬತ್ತಕ್ಕೇ ಅವರೆದುರು ನಿಂತವನ ಸಾಧಾರಣ ಅಂಕಿಗೂ ಹೆಚ್ಚಿನ ಬೆಲೆಯಿದೆ.

ಬೆಳವಣಿಗೆಯ ವೇಗ ಎಂದರೇನು ಎಂಬುದಕ್ಕೆ ಕೇಲ್ ಮಕಾರ್ ಅವರ ಎರಡು ವರ್ಷಗಳನ್ನು ನೋಡಬಹುದು. ಆಲ್ಬರ್ಟಾದ ಜೂನಿಯರ್ ಲೀಗ್‌ನಲ್ಲಿ ಆಡುತ್ತಿದ್ದ ಅವರನ್ನು ಕೊಲೊರಾಡೊ ತಂಡ 2017ರ ಡ್ರಾಫ್ಟ್‌ನಲ್ಲಿ, ಅಂದರೆ ಎನ್‌ಎಚ್‌ಎಲ್ ತಂಡಗಳು ಸರದಿಯಂತೆ ಯುವ ಆಟಗಾರರನ್ನು ಆರಿಸಿಕೊಳ್ಳುವ ಪ್ರಕ್ರಿಯೆಯಲ್ಲಿ, ನಾಲ್ಕನೆಯವರಾಗಿ ಆರಿಸಿತು. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷ 34 ಪಂದ್ಯಗಳಲ್ಲಿ ಅವರು ಗಳಿಸಿದ್ದು 21 ಪಾಯಿಂಟ್. ವೃತ್ತಿಪರ ಆಟಕ್ಕೆ ಅವಸರಪಡದೆ ಮತ್ತೊಂದು ವರ್ಷ ಅಲ್ಲಿಯೇ ಉಳಿದಾಗ 41 ಪಂದ್ಯಗಳಲ್ಲಿ 49 ಪಾಯಿಂಟ್ ಬಂದವು, ಕಾಲೇಜು ಆಟದ ಅತ್ಯುನ್ನತ ಗೌರವವಾದ ಹೋಬಿ ಬೇಕರ್ ಪ್ರಶಸ್ತಿಯೂ ಬಂತು. 2019ರ ಏಪ್ರಿಲ್ 13ರಂದು ಕಾಲೇಜು ಫೈನಲ್‌ನಲ್ಲಿ ಸೋತವರು 15ರಂದು ಕೊಲೊರಾಡೊ ಪರ ಪ್ಲೇಆಫ್ ಪಂದ್ಯಕ್ಕಿಳಿದು, ತಮ್ಮ ಮೊದಲ ಎನ್‌ಎಚ್‌ಎಲ್ ಪಂದ್ಯದಲ್ಲಿಯೇ ಗೋಲು ಹೊಡೆದರು. ಹಾಗೆಂದು ಪ್ರತಿ ಹುಡುಗನಲ್ಲಿಯೂ ಇಂಥ ಜಿಗಿತವನ್ನು ಹುಡುಕುವುದು ತಪ್ಪಾಗುತ್ತದೆ. ಕೊಲೊರಾಡೊ ಕಾಲೇಜಿನ ಜೇಕಬ್ ಸ್ಲೇವಿನ್ 2012ರಲ್ಲಿ 120ನೆಯವರಾಗಿ ಆಯ್ಕೆಯಾದವರು. ಗೋಲು ಹೊಡೆಯುವುದಕ್ಕಿಂತ ಸ್ಟಿಕ್ಕನ್ನು ಸರಿಯಾದ ಜಾಗದಲ್ಲಿಟ್ಟು, ಯಾರನ್ನೂ ಎಳೆದಾಡದೆ ದಾರಿ ಮುಚ್ಚುವುದೇ ಅವರ ಬಲ. ಶುದ್ಧ ಆಟಕ್ಕೆ ಕೊಡುವ ಲೇಡಿ ಬಿಂಗ್ ಟ್ರೋಫಿ ಡಿಫೆನ್ಸ್‌ಮನ್‌ಗೆ ಒಲಿಯುವುದು ಅಪರೂಪ. ಸ್ಲೇವಿನ್ ಅದನ್ನು 2021ರಲ್ಲಿ ಪಡೆದು, 2024ರಲ್ಲಿ ಮತ್ತೊಮ್ಮೆ ಪಡೆದರು.

ಇನ್ನೊಂದು ಸಂಗತಿಯನ್ನು ಪ್ರಶ್ನೆ ಕೇಳಿದವರು ಗಮನಿಸಿರಲಿಕ್ಕಿಲ್ಲ. ಡ್ರಾಫ್ಟ್‌ನಲ್ಲಿ ಆರಿಸಿದ ತಂಡಕ್ಕೆ ಕಾಲೇಜು ಆಟಗಾರನ ಮೇಲಿನ ಹಕ್ಕು ಶಾಶ್ವತವಲ್ಲ. ನಾಲ್ಕು ವರ್ಷ ಓದು ಮುಗಿಸಿದವನು ತನಗೆ ಬೇಕಾದ ತಂಡದೊಡನೆ ಒಪ್ಪಂದ ಮಾಡಿಕೊಳ್ಳುವ ದಾರಿಯಿತ್ತು. ಆಡಮ್ ಫಾಕ್ಸ್ ಅವರನ್ನು 2016ರಲ್ಲಿ 66ನೆಯವರಾಗಿ ಗುರುತಿಸಿದ್ದು ಕ್ಯಾಲ್ಗರಿ. ಹಾರ್ವರ್ಡ್‌ನಲ್ಲಿ ಅವರು ವರ್ಷದಿಂದ ವರ್ಷಕ್ಕೆ ಮಾಗುತ್ತಿದ್ದರೂ ಒಪ್ಪಂದ ಕುದುರಲಿಲ್ಲ, 2018ರಲ್ಲಿ ಅವರ ಹಕ್ಕು ಕ್ಯಾರೊಲೈನಾಕ್ಕೆ ಹೋಯಿತು. ಮೂರನೆಯ ವರ್ಷ 33 ಪಂದ್ಯಗಳಲ್ಲಿ 48 ಪಾಯಿಂಟ್ ಗಳಿಸಿದ ನಂತರ ಅಲ್ಲಿಂದ ನ್ಯೂಯಾರ್ಕ್ ರೇಂಜರ್ಸ್‌ಗೆ ದಾಟಿತು. ಅತ್ಯುತ್ತಮ ಡಿಫೆನ್ಸ್‌ಮನ್‌ಗೆ ಸಲ್ಲುವ ನಾರಿಸ್ ಟ್ರೋಫಿಯನ್ನು 2021ರಲ್ಲಿ ಅವರು ಗೆದ್ದದ್ದು ರೇಂಜರ್ಸ್ ಆಟಗಾರರಾಗಿ. ಐದು ವರ್ಷ ಮೊದಲು ಅವರ ಹೆಸರನ್ನು ಪಟ್ಟಿಯಲ್ಲಿ ಬರೆದಿದ್ದ ಕ್ಯಾಲ್ಗರಿಯ ಸ್ಕೌಟ್‌ಗಳ ಅಂದಾಜು ಮಾತ್ರ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.