ಯೋಹಾನ 10:33: ದೇವದೂಷಣೆಯ ಆರೋಪ ಮತ್ತು ಯೇಸುವಿನ ಉತ್ತರ

ಯೋಹಾನನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿ, ಕಲ್ಲುಗಳನ್ನು ಎತ್ತಿಕೊಂಡು ನಿಂತವರು ಯೇಸುವಿನ ಮೇಲೆ ಹೊರಿಸುವ ಆರೋಪ ಸ್ಪಷ್ಟವಾಗಿದೆ: ನಿನ್ನ ಒಳ್ಳೆಯ ಕ್ರಿಯೆಗಳಿಗಾಗಿ ಅಲ್ಲ, ಮನುಷ್ಯನಾದ ನೀನು ನಿನ್ನನ್ನೇ ದೇವರಾಗಿ ಮಾಡಿಕೊಳ್ಳುತ್ತಿರುವುದಕ್ಕಾಗಿ ಕಲ್ಲೆಸೆಯುತ್ತೇವೆ. ಈ ವಚನವನ್ನು ಯೇಸುವಿನ ದೈವತ್ವಕ್ಕೆ ವಿರೋಧಿಗಳ ಬಾಯಿಂದಲೇ ಬಂದ ಸಾಕ್ಷಿ ಎಂದು ಕ್ರೈಸ್ತರು ಓದುವುದುಂಟು. ಆ ಓದು ತಪ್ಪಲ್ಲ, ಆದರೆ ಅಲ್ಲಿಗೇ ನಿಂತರೆ ಆ ಕೋಪದ ಕಾರಣವೂ ಯೇಸುವಿನ ಉತ್ತರದ ಆಳವೂ ನಮಗೆ ದಕ್ಕುವುದಿಲ್ಲ.

ಕಾರಣವನ್ನು ತಿಳಿಯಲು 22 ಮತ್ತು 23ನೆಯ ವಚನಗಳಿಗೆ ಹಿಂದಿರುಗಬೇಕು. ಅದು ಚಳಿಗಾಲ, ಪ್ರತಿಷ್ಠೆಯ ಹಬ್ಬದ ಸಮಯ. ಯೇಸು ದೇವಾಲಯದಲ್ಲಿ ಸೊಲೊಮೋನನ ಮಂಟಪದಲ್ಲಿ ತಿರುಗಾಡುತ್ತಿದ್ದನು. ಕ್ರಿ.ಪೂ. 167ರಲ್ಲಿ ಯೂದಾಯವನ್ನು ಆಳುತ್ತಿದ್ದ ಗ್ರೀಕ್ ವಂಶದ ಅರಸನಾದ ನಾಲ್ಕನೆಯ ಆಂಟಿಯೋಕಸ್ ಯೆರೂಸಲೇಮಿನ ದೇವಾಲಯವನ್ನು ಹೊಲೆಗೆಡಿಸಿದ್ದನು, ಕ್ರಿ.ಪೂ. 164ರಲ್ಲಿ ಆ ಅರಸನ ವಿರುದ್ಧ ದಂಗೆಯೆದ್ದ ಯೂದ ಮಕ್ಕಬಿಯನೂ ಅವನ ಸಂಗಡಿಗರೂ ಅದನ್ನು ಶುದ್ಧಿಗೊಳಿಸಿ ಮತ್ತೆ ಪ್ರತಿಷ್ಠಿಸಿದ ದಿನಗಳನ್ನೇ ಈ ಹಬ್ಬ ಸ್ಮರಿಸುತ್ತದೆ. ಆ ಅರಸನು ತನ್ನ ನಾಣ್ಯಗಳ ಮೇಲೆ ತನ್ನನ್ನು ‘ಪ್ರತ್ಯಕ್ಷನಾದ ದೇವರು’ ಎಂದು ಬರೆಸಿಕೊಂಡವನು. ತಾನೇ ದೇವರೆಂದ ಮನುಷ್ಯನಿಂದ ಬಿಡುಗಡೆ ಹೊಂದಿದ್ದನ್ನು ಕೊಂಡಾಡುತ್ತಿದ್ದ ಜನರ ಕಿವಿಗೆ, ಅದೇ ದೇವಾಲಯದಲ್ಲಿ, “ನಾನೂ ತಂದೆಯೂ ಒಂದಾಗಿದ್ದೇವೆ” ಎಂಬ ಯೇಸುವಿನ ಮಾತು (30ನೆಯ ವಚನ) ಬಿದ್ದಿತು. ದೇವರ ನಾಮವನ್ನು ದೂಷಿಸಿದವನಿಗೆ ಕಲ್ಲೆಸೆದು ಕೊಲ್ಲುವ ಶಿಕ್ಷೆಯನ್ನು ಯಾಜಕಕಾಂಡ 24:16 ವಿಧಿಸಿತ್ತು. ಆದ್ದರಿಂದ ಅವರ ರೋಷವನ್ನು ಬರಿಯ ಹಟಮಾರಿತನವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಏಕದೇವನ ಮಹಿಮೆಗಾಗಿ ಪ್ರಾಣ ಕೊಟ್ಟವರ ನೆನಪು ಅದರ ಹಿಂದೆ ಇದೆ.

ಯೇಸುವಿನ ಉತ್ತರವೇ ಓದುಗರನ್ನು ಹೆಚ್ಚು ತೊಡಕಿಗೆ ಸಿಲುಕಿಸುವ ಭಾಗ. ಆತನು 82ನೆಯ ಕೀರ್ತನೆಯ “ನೀವು ದೇವರುಗಳು” ಎಂಬ ಮಾತನ್ನು ಎತ್ತಿಕೊಂಡು, ದೇವರ ವಾಕ್ಯವನ್ನು ಹೊಂದಿದವರನ್ನೇ ಶಾಸ್ತ್ರವು ಹಾಗೆ ಕರೆದಿರುವಾಗ, ತಂದೆಯು ಪ್ರತಿಷ್ಠಿಸಿ ಲೋಕಕ್ಕೆ ಕಳುಹಿಸಿದವನು ತಾನು ದೇವರ ಮಗನೆಂದರೆ ಅದು ದೂಷಣೆ ಹೇಗಾದೀತು ಎಂದು ಕೇಳುತ್ತಾನೆ. ಹಿಂದಿನ ಮಾತನ್ನು ಆತನು ಇಲ್ಲಿ ಹಿಂತೆಗೆದುಕೊಂಡನೆಂದು ಕೆಲವರು ವಾದಿಸುತ್ತಾರೆ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಕಿರಿದಾದದ್ದು ಸಲ್ಲುವುದಾದರೆ ಹಿರಿದಾದದ್ದು ಇನ್ನೂ ಹೆಚ್ಚಾಗಿ ಸಲ್ಲುತ್ತದೆ ಎಂಬುದು ಯೆಹೂದ್ಯ ಗುರುಗಳಿಗೆ ಚಿರಪರಿಚಿತವಾಗಿದ್ದ ವಾದಕ್ರಮ. ಅದರ ಬೆನ್ನಿಗೇ, ತಂದೆಯು ನನ್ನಲ್ಲಿಯೂ ನಾನು ತಂದೆಯಲ್ಲಿಯೂ ಇದ್ದೇವೆ (38ನೆಯ ವಚನ) ಎನ್ನುತ್ತಾನೆ. ಕೇಳಿದವರು ಶಾಂತರಾಗದೆ ಆತನನ್ನು ಹಿಡಿಯಲು ಮತ್ತೆ ಪ್ರಯತ್ನಿಸುತ್ತಾರೆ. ಪ್ರತಿಷ್ಠೆಯ ಹಬ್ಬದಲ್ಲಿ ತನ್ನನ್ನೇ ‘ಪ್ರತಿಷ್ಠಿತನು’ ಎಂದದ್ದೂ ಗಮನಾರ್ಹ.

ಆರೋಪದ ನಿಜವಾದ ದೋಷವು ದಿಕ್ಕಿನಲ್ಲಿದೆ. ಮನುಷ್ಯನೊಬ್ಬನು ದೇವರ ಸ್ಥಾನಕ್ಕೆ ಏರಲು ಹವಣಿಸಿದನೆಂದು ಅವರು ತಿಳಿದರು. ಸುವಾರ್ತೆಯಾದರೋ ದೇವರಾಗಿದ್ದ ವಾಕ್ಯವೇ ನರಾವತಾರವೆತ್ತಿತೆಂದು ಮೊದಲನೆಯ ಅಧ್ಯಾಯದಲ್ಲೇ ಸಾರಿದೆ. ಆಂಟಿಯೋಕಸನಿಗೂ ಯೇಸುವಿಗೂ ಇರುವ ಅಂತರ ಇದೇ.

30ನೆಯ ವಚನದ ‘ಒಂದು’ ಯಾವ ಬಗೆಯದು ಎಂಬಲ್ಲಿ ಕ್ರೈಸ್ತ ವ್ಯಾಖ್ಯಾನಕಾರರೇ ಒಮ್ಮತಕ್ಕೆ ಬಂದಿಲ್ಲ. ಅದು ಇಚ್ಛೆಯ ಹೊಂದಾಣಿಕೆ ಮಾತ್ರ ಎಂದು, ಮಗನು ತಂದೆಗೆ ಸಮಾನನಲ್ಲವೆಂದ ಆರಿಯಸನ ಪಕ್ಷದವರು ಹೇಳಿದರು. ‘ಒಂದು’ ಎಂಬುದು ಆರಿಯಸನ ಮತವನ್ನೂ ‘ಆಗಿದ್ದೇವೆ’ ಎಂಬ ಬಹುವಚನವು ತಂದೆ-ಮಗ ಒಬ್ಬನೇ ಎಂದ ಸಬೆಲ್ಲಿಯಸನ ಮತವನ್ನೂ ನಿರಾಕರಿಸುತ್ತದೆಂದು ಪ್ರಾಚೀನ ಸಭೆಯ ಗುರು ಆಗಸ್ಟೀನನು ವಿವರಿಸಿದನು. ಕ್ರಿಸ್ತನ ದೈವತ್ವವನ್ನು ದೃಢವಾಗಿ ನಂಬಿದ್ದ, ಹದಿನಾರನೆಯ ಶತಮಾನದ ಸುಧಾರಕ ಕ್ಯಾಲ್ವಿನನೇ, ಈ ವಚನವನ್ನು ತತ್ತ್ವೈಕ್ಯಕ್ಕೆ (ತಂದೆ-ಮಗನ ಸತ್ವ ಒಂದೇ ಎಂಬುದಕ್ಕೆ) ಆಧಾರವಾಗಿಸಿದ್ದು ಪ್ರಾಚೀನರ ತಪ್ಪೆಂದು ಬರೆದನು. ಸಿದ್ಧಾಂತವನ್ನು ಒಂದೇ ವಚನದ ಮೇಲೆ ನಿಲ್ಲಿಸಬಾರದೆಂಬ ಅವನ ಎಚ್ಚರಿಕೆ ನಮಗೆ ಬೇಕು, ಆದರೆ 38ನೆಯ ವಚನದ ಪರಸ್ಪರ ವಾಸವನ್ನು ಬರಿಯ ಹೊಂದಾಣಿಕೆಯೆಂದು ಓದುವುದು ಕಷ್ಟ.

ಯೋಹಾನನು ಇಲ್ಲಿ ಕಲ್ಲೆತ್ತಿದವರನ್ನು ‘ಯೆಹೂದ್ಯರು’ ಎಂದಾಗ ಇಡೀ ಜನಾಂಗವನ್ನು ಹೆಸರಿಸುತ್ತಿಲ್ಲ. ಯೇಸುವೂ ಶಿಷ್ಯರೂ ಯೆಹೂದ್ಯರೇ. ಅದೇ ಅಧ್ಯಾಯದ 19ರಿಂದ 21ರವರೆಗಿನ ವಚನಗಳಲ್ಲಿ ಆತನ ವಿಷಯವಾಗಿ ಅವರೊಳಗೇ ಭೇದವುಂಟಾಗಿ, ಕೆಲವರು ಆತನಿಗೆ ದೆವ್ವ ಹಿಡಿದಿದೆಯೆಂದರೆ, ಇನ್ನು ಕೆಲವರು ದೆವ್ವವು ಕುರುಡರಿಗೆ ಕಣ್ಣು ಕೊಡಬಲ್ಲದೇ ಎಂದು ಕೇಳಿದರು.