ಕೀರ್ತಿಯ ನಡುವೆಯೇ ಡಿಯಾನಾ ಡರ್ಬಿನ್ ಚಿತ್ರರಂಗ ತೊರೆದದ್ದು ಏಕೆ?

ಓದುಗರ ಪ್ರಶ್ನೆ: ಹಳೆಯ ಹಾಲಿವುಡ್‌ನ ಗಾಯಕಿ-ನಟಿ ಡಿಯಾನಾ ಡರ್ಬಿನ್ ಒಂದು ಕಾಲಕ್ಕೆ ಅಮೆರಿಕದಲ್ಲೇ ಅತಿ ಹೆಚ್ಚು ಸಂಭಾವನೆ ಪಡೆಯುತ್ತಿದ್ದ ಮಹಿಳೆ ಎಂದು ಓದಿದ್ದೇನೆ. ಮೂವತ್ತು ತುಂಬುವ ಮೊದಲೇ ಅವರು ನಟನೆ ನಿಲ್ಲಿಸಿದ್ದು ಏಕೆ? ದನಿ ಕೆಟ್ಟಿತೇ, ಅವಕಾಶಗಳು ಬತ್ತಿದವೇ?

ಉತ್ತರ: ಎರಡೂ ಅಲ್ಲ. ಡರ್ಬಿನ್ ಅವರ ಕೊನೆಯ ಚಿತ್ರ 1948ರಲ್ಲಿ ತೆರೆಕಂಡಾಗ ಅವರಿಗೆ 26 ವರ್ಷ. ದನಿ ಕೈಕೊಟ್ಟಿರಲಿಲ್ಲ, ಚಿತ್ರರಂಗ ಬಿಟ್ಟ ಮೇಲೂ ವರ್ಷಗಟ್ಟಲೆ ಕರೆಗಳು ಬರುತ್ತಲೇ ಇದ್ದವು. ಹದಿನಾಲ್ಕನೆಯ ವಯಸ್ಸಿನಲ್ಲಿ ಸ್ಟುಡಿಯೊ ಕಟ್ಟಿಕೊಟ್ಟ ಒಂದು ಪಾತ್ರ ಇಪ್ಪತ್ತೈದು ದಾಟಿದರೂ ಬೆನ್ನು ಬಿಡದೆ ಹೋದದ್ದೇ ಅವರು ಹೊರನಡೆಯಲು ಮುಖ್ಯ ಕಾರಣ. ಹಾಗೆ ಹೊರನಡೆಯುವಷ್ಟು ಹಣ ಅವರ ಕೈಯಲ್ಲಿತ್ತು ಎಂಬುದನ್ನೂ ಮರೆಯುವಂತಿಲ್ಲ.

ಅವರ ಹುಟ್ಟುಹೆಸರು ಎಡ್ನಾ ಮೇ ಡರ್ಬಿನ್. 1921ರ ಡಿಸೆಂಬರ್ 4ರಂದು ಕೆನಡಾದ ವಿನ್ನಿಪೆಗ್‌ನಲ್ಲಿ, ಇಂಗ್ಲೆಂಡಿನ ಲ್ಯಾಂಕಾಶೈರ್‌ನಿಂದ ವಲಸೆ ಬಂದಿದ್ದ ದಂಪತಿಗೆ ಹುಟ್ಟಿದರು. ಮಗು ಚಿಕ್ಕದಿರುವಾಗಲೇ ಕುಟುಂಬ ಕ್ಯಾಲಿಫೋರ್ನಿಯಾಕ್ಕೆ ಬಂದು ನೆಲೆಸಿತು. ಎಂಜಿಎಂ ಸ್ಟುಡಿಯೊ ಅರ್ನೆಸ್ಟೀನ್ ಶೂಮನ್-ಹೈಂಕ್ ಎಂಬ ಪ್ರಸಿದ್ಧ ಒಪೆರಾ ಗಾಯಕಿಯ ಜೀವನವನ್ನು ಚಿತ್ರವಾಗಿಸಲು ಯೋಚಿಸಿದ್ದಾಗ, ಬಾಲ್ಯದ ಪಾತ್ರಕ್ಕಾಗಿ ಹುಡುಕುತ್ತಿದ್ದ ದನಿ ಈ ಹುಡುಗಿಯಲ್ಲಿ ಸಿಕ್ಕಿತು. ಆ ಯೋಜನೆ ಕೈಗೂಡಲಿಲ್ಲ. 1936ರಲ್ಲಿ ಜೂಡಿ ಗಾರ್ಲೆಂಡ್ ಜೊತೆ ‘ಎವ್ರಿ ಸಂಡೇ’ ಎಂಬ ಕಿರುಚಿತ್ರವೊಂದರಲ್ಲಿ ಹಾಡಿಸಿದ ಸ್ಟುಡಿಯೊ ಜೂಡಿಯನ್ನು ಉಳಿಸಿಕೊಂಡು ಡರ್ಬಿನ್ ಅವರನ್ನು ಕೈಬಿಟ್ಟಿತು. ಇದು ಯಾರದೋ ಕಿವಿತಪ್ಪಿನಿಂದ ಆದ ಎಡವಟ್ಟು ಎಂಬ ಕಥೆ ಹತ್ತಾರು ರೂಪಗಳಲ್ಲಿ ಹಬ್ಬಿದೆ. ಒಂದು ಕಥೆಗೆ ಅಷ್ಟೊಂದು ರೂಪಗಳಿರುವುದೇ ಅದನ್ನು ನಂಬದಿರಲು ಸಾಕಾದ ಕಾರಣವೆಂದು ನನಗನಿಸುತ್ತದೆ.

ಆ ಹೊತ್ತಿಗೆ ಯೂನಿವರ್ಸಲ್ ಸ್ಟುಡಿಯೊ ಸಾಲದಲ್ಲಿ ಮುಳುಗಿತ್ತು. ಸ್ಥಾಪಕ ಕಾರ್ಲ್ ಲೆಮ್ಲಿ 1936ರಲ್ಲಿ ಸಂಸ್ಥೆಯ ಮೇಲಿನ ಹಿಡಿತವನ್ನೇ ಕಳೆದುಕೊಂಡಿದ್ದರು. ಅಲ್ಲಿ ನಿರ್ಮಾಪಕ ಜೋ ಪಾಸ್ಟರ್ನಾಕ್ ಮತ್ತು ನಿರ್ದೇಶಕ ಹೆನ್ರಿ ಕಾಸ್ಟರ್ ಅವರು ಡರ್ಬಿನ್ ಅವರನ್ನು ಹಾಕಿಕೊಂಡು ತೆಗೆದ ‘ತ್ರೀ ಸ್ಮಾರ್ಟ್ ಗರ್ಲ್ಸ್’ ಆ ವರ್ಷದ ಕೊನೆಗೆ ಬಿಡುಗಡೆಯಾಗಿ ಭರ್ಜರಿ ಗಳಿಕೆ ಕಂಡಿತು. ಬೇರ್ಪಟ್ಟ ತಂದೆತಾಯಿಯನ್ನು ಒಂದುಗೂಡಿಸಲು ಹೊರಡುವ ಮೂವರು ಸಹೋದರಿಯರಲ್ಲಿ ಕಿರಿಯವಳ ಪಾತ್ರ ಅವರದು. ಆ ಹುಡುಗಿ ಚುರುಕು, ಹಟಮಾರಿ, ದೊಡ್ಡವರ ತೊಡಕುಗಳನ್ನೆಲ್ಲ ತಾನೇ ಬಿಡಿಸುವವಳು; ನಡುನಡುವೆ ತರಬೇತಾದ ಸೊಪ್ರಾನೊ (ಹೆಣ್ಣುದನಿಯ ಅತಿ ಎತ್ತರದ ಶ್ರೇಣಿ) ಕಂಠದಲ್ಲಿ ಹಾಡಿಬಿಡುವವಳು. ಮುಂದಿನ ಹತ್ತು-ಹನ್ನೆರಡು ವರ್ಷ ಪ್ರೇಕ್ಷಕರು ಮತ್ತೆ ಮತ್ತೆ ಕೇಳಿದ್ದು ಇದೇ ಹುಡುಗಿಯನ್ನು. ಹಿನ್ನೆಲೆ ಗಾಯನಕ್ಕೆ ಒಗ್ಗಿಹೋದ ನಮಗೆ ಒಂದು ಮಾತು ಹೇಳಬೇಕು: ಹಾಲಿವುಡ್‌ನಲ್ಲಿಯೂ ಹಾಡನ್ನು ಸಾಮಾನ್ಯವಾಗಿ ಮೊದಲೇ ಧ್ವನಿಮುದ್ರಿಸಿಕೊಂಡು ಚಿತ್ರೀಕರಣದಲ್ಲಿ ತುಟಿ ಹೊಂದಿಸುತ್ತಿದ್ದರು, ಆದರೆ ಡರ್ಬಿನ್ ಅವರ ವಿಷಯದಲ್ಲಿ ತುಟಿಯೂ ಕಂಠವೂ ಒಬ್ಬರದೇ.

ಅವರ ಶಕ್ತಿಯೇನೆಂದು ತಿಳಿಯಲು ಎರಡನೆಯ ಚಿತ್ರವಾದ ‘ಒನ್ ಹಂಡ್ರೆಡ್ ಮೆನ್ ಅಂಡ್ ಎ ಗರ್ಲ್’ (1937) ನೋಡಬೇಕು. ಆರ್ಥಿಕ ಕುಸಿತದ ದಿನಗಳ ಕಥೆಯದು. ಕೆಲಸವಿಲ್ಲದ ಟ್ರೊಂಬೋನ್ ವಾದಕನ ಮಗಳು, ತನ್ನ ತಂದೆಯಂತೆಯೇ ಬೀದಿಗೆ ಬಿದ್ದ ನೂರು ಮಂದಿ ವಾದಕರನ್ನು ಕೂಡಿಸಿ ಆರ್ಕೆಸ್ಟ್ರಾ ಕಟ್ಟುತ್ತಾಳೆ. ಅದನ್ನು ನಡೆಸಿಕೊಡುವಂತೆ ಲಿಯೊಪೋಲ್ಡ್ ಸ್ಟೊಕೊವ್ಸ್ಕಿಯ ಬೆನ್ನು ಹತ್ತುತ್ತಾಳೆ. ಸ್ಟೊಕೊವ್ಸ್ಕಿ ಆ ಕಾಲದ ನಿಜವಾದ, ಜಗದ್ವಿಖ್ಯಾತ ಸಂಗೀತ ನಿರ್ವಾಹಕ, ಚಿತ್ರದಲ್ಲಿ ತಮ್ಮ ಪಾತ್ರವನ್ನು ತಾವೇ ಮಾಡಿದ್ದಾರೆ. ಡರ್ಬಿನ್ ಮೊಟ್ಸಾರ್ಟನ ‘ಅಲೆಲೂಯ’ವನ್ನೂ ವೆರ್ದಿಯ ‘ಲಾ ಟ್ರಾವಿಯಾಟಾ’ದ ಪಾನಗೀತೆಯನ್ನೂ ಹಾಡುತ್ತಾರೆ. ಒಪೆರಾ ಮಂದಿರದ ಟಿಕೆಟ್ಟು ಎಂದೂ ಕೊಳ್ಳಲಾರದ ಜನ ಅದೇ ಸಂಗೀತವನ್ನು ತಮ್ಮ ಊರಿನ ಚಿತ್ರಮಂದಿರದಲ್ಲಿ, ಹದಿನೈದರ ಹುಡುಗಿಯೊಬ್ಬಳ ಬಾಯಲ್ಲಿ, ಬೆರಗಿನಿಂದ ಕೇಳಿದರು. ಕಂಠದಲ್ಲಿ ವಯಸ್ಸಿಗೆ ಮೀರಿದ ಹಿಡಿತವಿತ್ತು. ಮುಖದಲ್ಲಿ ಮಾತ್ರ ಶಾಲೆಯ ಹುಡುಗಿಯೇ ಇದ್ದಳು. ಈ ವೈರುಧ್ಯವೇ ಆಕರ್ಷಣೆಯಾಗಿತ್ತು, ಮತ್ತು ಅದು ವಯಸ್ಸಿನ ಜೊತೆ ಕರಗಿಹೋಗಲೇಬೇಕಾದ ಆಕರ್ಷಣೆಯೂ ಆಗಿತ್ತು. ಈ ಚಿತ್ರದ ಸಂಗೀತಕ್ಕೆ ಆಸ್ಕರ್ ಬಂತು. ಈ ಹುಡುಗಿಯೊಬ್ಬಳೇ ಯೂನಿವರ್ಸಲ್ ಅನ್ನು ದಿವಾಳಿಯಿಂದ ಪಾರುಮಾಡಿದಳು ಎಂಬುದು ತುಸು ಅತಿಶಯೋಕ್ತಿ; ಆದರೆ ಆ ಸಂಸ್ಥೆ ಚೇತರಿಸಿಕೊಂಡ ವರ್ಷಗಳಲ್ಲಿ ಅದರ ಅತಿ ದೊಡ್ಡ ಆಸ್ತಿ ಅವರೇ ಎಂಬುದರಲ್ಲಿ ವಿವಾದವಿಲ್ಲ.

ನಂತರದ ಕೀರ್ತಿಯನ್ನು ಬೇಗ ಹೇಳಿ ಮುಗಿಸಬಹುದು. 1938ರ ಸಾಧನೆಗಾಗಿ ಮಿಕ್ಕಿ ರೂನಿಯೊಂದಿಗೆ ಬಾಲಕಲಾವಿದರ ವಿಶೇಷ ಆಸ್ಕರ್ ಬಂತು. ಅವರ ಹೆಸರಿನ ಗೊಂಬೆಗಳು ಮಾರಾಟವಾದವು. 1939ರ ‘ಫಸ್ಟ್ ಲವ್’ ಚಿತ್ರದಲ್ಲಿ ರಾಬರ್ಟ್ ಸ್ಟ್ಯಾಕ್ ಅವರಿಂದ ಪಡೆದ ತೆರೆಯ ಮೇಲಿನ ಮೊದಲ ಮುತ್ತು ಪತ್ರಿಕೆಗಳಿಗೆ ದೊಡ್ಡ ಸುದ್ದಿಯಾಯಿತು. ನಾಜಿಗಳಿಂದ ತಲೆಮರೆಸಿಕೊಂಡಿದ್ದ ಯಹೂದಿ ಬಾಲಕಿ ಆನ್ ಫ್ರಾಂಕ್ ಆಮ್‌ಸ್ಟರ್‌ಡ್ಯಾಮ್‌ನ ಅಡಗುತಾಣದಲ್ಲಿ ತನ್ನ ಕೋಣೆಯ ಗೋಡೆಗೆ ಅಂಟಿಸಿಕೊಂಡಿದ್ದ ಚಿತ್ರಗಳಲ್ಲಿ ಡರ್ಬಿನ್ ಅವರದೂ ಇದೆ. ನಮ್ಮ ದೇಶದಲ್ಲೂ ಅವರಿಗೆ ಅಭಿಮಾನಿಗಳಿದ್ದರು: 1992ರಲ್ಲಿ ಕಲ್ಕತ್ತೆಯ ಆಸ್ಪತ್ರೆಯ ಹಾಸಿಗೆಯಿಂದ ಗೌರವ ಆಸ್ಕರ್ ಸ್ವೀಕರಿಸಿದ ಸತ್ಯಜಿತ್ ರಾಯ್, ಶಾಲೆಯ ಹುಡುಗನಾಗಿದ್ದಾಗ ತಾವು ಡಿಯಾನಾ ಡರ್ಬಿನ್‌ಗೆ ಪತ್ರ ಬರೆದು ಉತ್ತರ ಪಡೆದು ಹಿಗ್ಗಿದ್ದನ್ನು ಆ ಭಾಷಣದಲ್ಲಿ ನೆನೆದರು. ತಾವು ಪತ್ರ ಬರೆದ ಇನ್ನೊಬ್ಬ ನಟಿ ಜಿಂಜರ್ ರೋಜರ್ಸ್ ಉತ್ತರಿಸಲಿಲ್ಲ ಎಂಬುದನ್ನೂ ಹೇಳಲು ಅವರು ಮರೆಯಲಿಲ್ಲ.

ತೊಡಕು ಶುರುವಾದದ್ದು ಡರ್ಬಿನ್ ಪ್ರಾಯಕ್ಕೆ ಬಂದ ಮೇಲೆ. 1941ರಲ್ಲಿ ಅವರು ವಿವಾಹಿತೆ. ತೆರೆಯ ಮೇಲೆ ಇನ್ನೂ ಎಲ್ಲರ ಮುದ್ದಿನ ಹುಡುಗಿ. ಅದೇ ವರ್ಷ ತಮಗೆ ಒಪ್ಪಿಗೆಯಾಗದ ಚಿತ್ರವೊಂದನ್ನು ನಿರಾಕರಿಸಿದ್ದಕ್ಕೆ ಸ್ಟುಡಿಯೊ ಅವರನ್ನು ಅಮಾನತಿನಲ್ಲಿಟ್ಟಿತು. ಕೆಲವು ತಿಂಗಳ ಜಗ್ಗಾಟದ ಬಳಿಕ ಸ್ಟುಡಿಯೊ ಮಣಿದು, ಕಥೆ, ನಿರ್ದೇಶಕ ಮತ್ತು ಹಾಡುಗಳ ಆಯ್ಕೆಗೆ ಅವರ ಒಪ್ಪಿಗೆ ಬೇಕೆಂಬ ಷರತ್ತನ್ನು ಮಾನ್ಯ ಮಾಡಿತು. ನಟನಟಿಯರನ್ನು ಒಪ್ಪಂದದ ಹಗ್ಗದಲ್ಲಿ ಕಟ್ಟಿಹಾಕುತ್ತಿದ್ದ ಆ ಕಾಲದಲ್ಲಿ ಇಪ್ಪತ್ತರ ಹೆಣ್ಣುಮಗಳೊಬ್ಬಳು ಇದನ್ನು ದಕ್ಕಿಸಿಕೊಂಡದ್ದು ಸಣ್ಣ ಸಂಗತಿಯಲ್ಲ.

ಆ ಸ್ವಾತಂತ್ರ್ಯದ ದಿಟ್ಟ ಬಳಕೆ 1944ರ ‘ಕ್ರಿಸ್‌ಮಸ್ ಹಾಲಿಡೇ’. ಹೆಸರು ಹಬ್ಬದ್ದು, ಒಳಗಿನದು ಕತ್ತಲು. ಜರ್ಮನಿಯಿಂದ ಬಂದ ರಾಬರ್ಟ್ ಸಿಯೊಡ್‌ಮಾಕ್ ನಿರ್ದೇಶಿಸಿದ ಈ ಚಿತ್ರದಲ್ಲಿ ಡರ್ಬಿನ್, ಕೊಲೆಗಾರನ ಹೆಂಡತಿಯಾಗಿ, ಕೀಳುಮಟ್ಟದ ಮೋಜಿನ ಮನೆಯೊಂದರಲ್ಲಿ ಹಾಡುವ ಹೆಣ್ಣಾಗಿ ಕಾಣಿಸಿಕೊಂಡರು. ಗಂಡನಾಗಿ ನಟಿಸಿದವರು, ಕುಣಿತಕ್ಕೆ ಹೆಸರಾದ ಜೀನ್ ಕೆಲ್ಲಿ. ಇಲ್ಲಿ ಡರ್ಬಿನ್ ಒಪೆರಾದ ಏರುದನಿಯನ್ನು ಪೂರ್ತಿ ಬದಿಗಿಟ್ಟು, ದಣಿದ ಹೆಂಗಸು ಹಾಡುವಂತೆ ತಗ್ಗಿಸಿ ಹಾಡುತ್ತಾರೆ. ಕಂಠವನ್ನು ಪಾತ್ರಕ್ಕೆ ಬಗ್ಗಿಸುವ ಈ ಕಲೆಯಿಂದಾಗಿಯೇ ಅವರನ್ನು ಬರಿಯ ಗಾಯಕಿ ಎನ್ನದೆ ನಟಿ ಎನ್ನಬೇಕಾಗುತ್ತದೆ. ಚಿತ್ರಕ್ಕೆ ಹಣ ಬಂತು, ಆದರೆ ಅಭಿಮಾನಿಗಳ ಒಂದು ದೊಡ್ಡ ಪಾಲು ಮುನಿಸಿಕೊಂಡಿತು. ತಮ್ಮ ಚಿತ್ರಗಳಲ್ಲಿ ನಿಜವಾಗಿ ಒಳ್ಳೆಯದು ಇದೊಂದೇ ಎಂದು ಡರ್ಬಿನ್ ಮುಂದೆ ಹೇಳಿಕೊಂಡರು. ಮರುವರ್ಷದ ‘ಲೇಡಿ ಆನ್ ಎ ಟ್ರೈನ್’ ಎಂಬ ಪತ್ತೇದಾರಿ ಚಿತ್ರವೂ ಅದೇ ದಾರಿಯ ಪ್ರಯತ್ನ. ಅದರ ನಿರ್ದೇಶಕ ಫ್ರಾನ್ಸಿನ ಚಾರ್ಲ್ಸ್ ಡೇವಿಡ್.

1946ರಲ್ಲಿ ಯೂನಿವರ್ಸಲ್ ಇನ್ನೊಂದು ಸಂಸ್ಥೆಯೊಂದಿಗೆ ವಿಲೀನಗೊಂಡು ಆಡಳಿತ ಬದಲಾಯಿತು. ಡರ್ಬಿನ್ ಅವರ ಸಂಭಾವನೆ ಅಮೆರಿಕದ ಮಹಿಳೆಯರಲ್ಲೇ ಅತ್ಯುನ್ನತವೆಂದು 1945ರಲ್ಲೂ 1947ರಲ್ಲೂ ದಾಖಲಾಯಿತು, ನಡುವಿನ ವರ್ಷ ಬೆಟ್ಟಿ ಡೇವಿಸ್ ಮುಂದಿದ್ದರು. ಆದರೆ ಬಂದ ಕಥೆಗಳು ಹಳಸಲು. ಕೊನೆಯ ನಾಲ್ಕು ಚಿತ್ರಗಳನ್ನು ಇಂದು ನೋಡಿದರೆ, ಇಷ್ಟು ದುಬಾರಿ ಕಲಾವಿದೆಗೆ ಇಷ್ಟು ಅಗ್ಗದ ಬರವಣಿಗೆಯೇ ಎಂಬ ಬೇಸರ ಹುಟ್ಟುತ್ತದೆ. ಎರಡು ಮದುವೆಗಳೂ ಅಷ್ಟರಲ್ಲಿ ಮುರಿದಿದ್ದವು, ಕೈಯಲ್ಲೊಂದು ಹೆಣ್ಣುಮಗುವಿತ್ತು. ಒಪ್ಪಂದ ಮುಗಿದದ್ದೇ ಅವರು ಫ್ರಾನ್ಸಿಗೆ ಹೋದರು. 1950ರ ಡಿಸೆಂಬರಿನಲ್ಲಿ ಚಾರ್ಲ್ಸ್ ಡೇವಿಡ್ ಅವರನ್ನು ವರಿಸಿ, ಪ್ಯಾರಿಸ್ ಸಮೀಪದ ನೋಫ್ಲ್-ಲ-ಶಾಟೊ ಎಂಬ ಹಳ್ಳಿಯ ತೋಟದ ಮನೆಯಲ್ಲಿ ಸಾಮಾನ್ಯ ಗೃಹಿಣಿಯಂತೆ ನೆಲೆಸಿದರು.

ಆಮೇಲೆ ಬಂದ ಕರೆಗಳು ಸಣ್ಣವಲ್ಲ. ನಾಟಕಕಾರ ಅಲನ್ ಜೇ ಲರ್ನರ್ ‘ಮೈ ಫೇರ್ ಲೇಡಿ’ ಸಂಗೀತ ನಾಟಕದ ಹಾಡುಗಳನ್ನು ಹೊತ್ತು ತಮ್ಮ ಮನೆಗೇ ಬಂದಿದ್ದರೆಂದು 1983ರಲ್ಲಿ ಚಲನಚಿತ್ರ ಚರಿತ್ರಕಾರ ಡೇವಿಡ್ ಶಿಪ್‌ಮನ್ ಅವರಿಗೆ ಕೊಟ್ಟ ಅಪರೂಪದ ಸಂದರ್ಶನದಲ್ಲಿ ಡರ್ಬಿನ್ ತಿಳಿಸಿದ್ದಾರೆ. ಹಾಡುಗಳು ಮೆಚ್ಚಿಗೆಯಾದವು, ಆದರೂ ಅವರು ಒಪ್ಪಲಿಲ್ಲ. 1956ರಲ್ಲಿ ಆ ನಾಟಕದ ನಾಯಕಿಯ ಪಾತ್ರ ಜೂಲಿ ಆಂಡ್ರೂಸ್ ಅವರನ್ನು ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಯ ತಾರೆಯಾಗಿಸಿತು. ಪಾತ್ರಗಳ ಕೊರತೆಯೊಂದೇ ಕಾರಣವಾಗಿದ್ದರೆ ಡರ್ಬಿನ್ ಆಗ ಮರಳಬಹುದಿತ್ತು. ಖಾಸಗಿ ಬದುಕಿನ ರುಚಿ ಹತ್ತಿದ ಮೇಲೆ ಅದನ್ನು ಬಿಟ್ಟುಕೊಡಲು ಅವರು ಸಿದ್ಧರಿರಲಿಲ್ಲವೆಂದೇ ಇದರಿಂದ ಊಹಿಸಬೇಕಾಗುತ್ತದೆ. 2013ರ ಏಪ್ರಿಲ್‌ನಲ್ಲಿ, 91ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ಅವರ ಕಥಾಚಿತ್ರಗಳು ಒಟ್ಟು 21. ಬಣ್ಣದ್ದು 1944ರ ‘ಕಾಂಟ್ ಹೆಲ್ಪ್ ಸಿಂಗಿಂಗ್’ ಒಂದೇ. ಹೊಸದಾಗಿ ನೋಡುವವರು ‘ಒನ್ ಹಂಡ್ರೆಡ್ ಮೆನ್ ಅಂಡ್ ಎ ಗರ್ಲ್’ನಿಂದ ಆರಂಭಿಸಿ, ಚಾರ್ಲ್ಸ್ ಲಾಟನ್ ಜೊತೆಗಿನ 1941ರ ‘ಇಟ್ ಸ್ಟಾರ್ಟೆಡ್ ವಿತ್ ಈವ್’ ನೋಡಿ, ‘ಕ್ರಿಸ್‌ಮಸ್ ಹಾಲಿಡೇ’ಗೆ ಬರುವುದು ಒಳ್ಳೆಯದು. ಕೊನೆಯ ನಾಲ್ಕನ್ನು ಬಿಟ್ಟರೂ ನಷ್ಟವಿಲ್ಲ.