ಹವಳದ ಮರಿಗೆ ಪಾಚಿ ಸಿಗುವುದು ಹೇಗೆ? ಎರಡು ಬಾರಿ ನುಂಗಬೇಕು

ದಿಬ್ಬ ಕಟ್ಟುವ ಹವಳಗಳ ಹೊಟ್ಟೆ ತುಂಬುವುದು ಬಹುಪಾಲು ಅವುಗಳ ಕೋಶದೊಳಗೆ ವಾಸಿಸುವ ಏಕಕೋಶೀಯ ಪಾಚಿಯ ದುಡಿಮೆಯಿಂದ. ಇಷ್ಟು ಎಲ್ಲರಿಗೂ ಗೊತ್ತು. ಪಾಚಿ ಅಲ್ಲಿಗೆ ಸೇರುವ ಬಗೆ ಮಾತ್ರ ಪಠ್ಯಗಳಲ್ಲಿ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ.

ತಾಯಿಯೇ ಮೊಟ್ಟೆ ಅಥವಾ ಲಾರ್ವಾದೊಳಗೆ (ಈಜಾಡುವ ಎಳೆಯ ಮರಿಯೊಳಗೆ) ಪಾಚಿ ಇಟ್ಟು ಕಳುಹಿಸಿದರೆ ಅದು ಲಂಬ ವರ್ಗಾವಣೆ. ಪ್ರತಿ ಪೀಳಿಗೆಯೂ ಕಡಲಿನಿಂದ ಹೊಸದಾಗಿ ಪಡೆದರೆ ಸಮತಲ ವರ್ಗಾವಣೆ. ಹೆಚ್ಚಿನ ಪ್ರಭೇದಗಳದು ಇದೇ. 'ಮೊಟ್ಟೆಯನ್ನು ನೀರಿಗೆ ಬಿಡುವವೆಲ್ಲ ಸಮತಲ' ಎಂಬ ಸೂತ್ರವನ್ನು ಮಾತ್ರ ನಂಬಬೇಡಿ. ಮಾಂಟಿಪೋರಾ ಎಂಬ ಹವಳ ನೀರಿಗೇ ಬಿಡುತ್ತದೆ, ಆದರೂ ಅದರ ಮೊಟ್ಟೆಯಲ್ಲಿ ತಾಯಿಯ ಪಾಚಿ ಇರುತ್ತದೆ. ತಾಯಿಯಿಂದ ಹೊರಬೀಳುವಾಗ ಒಳಗೆ ಪಾಚಿ ಇತ್ತೇ? ಅಷ್ಟು ಕೇಳಿಕೊಂಡರೆ ಸಾಕು.

ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ರೀಫ್‌ನ ಅಕ್ರೋಪೋರಾ ಹವಳಗಳನ್ನು ತೆಗೆದುಕೊಳ್ಳಿ. ಅಲ್ಲಿನ ವಸಂತದಲ್ಲಿ, ಹುಣ್ಣಿಮೆ ಕಳೆದ ಕೆಲವು ರಾತ್ರಿಗಳಲ್ಲಿ, ಮೊಟ್ಟೆ ಮತ್ತು ವೀರ್ಯದ ಗುಲಾಬಿ ಬಣ್ಣದ ಪುಟ್ಟ ಉಂಡೆಗಳು ನೀರಿನ ಮೇಲಕ್ಕೆ ತೇಲಿ ಬರುತ್ತವೆ. ಅವುಗಳಲ್ಲಿ ಪಾಚಿ ಇಲ್ಲ. ಲಾರ್ವಾಕ್ಕೆ ಬಾಯಿ ಮೂಡಿದ ಮೇಲೆ, ಅಥವಾ ಅದು ತಳಕ್ಕೆ ಅಂಟಿ ಪಾಲಿಪ್, ಅಂದರೆ ನೆಲೆನಿಂತ ಪುಟ್ಟ ಹವಳ, ಆದ ಮೇಲೆ, ನೀರಿನಿಂದಲೋ ತಳದ ಮರಳಿನಿಂದಲೋ ಪಾಚಿ ದೊರೆಯಬೇಕು. ಈ ಪಾಚಿಯ ಗಾತ್ರ ಸುಮಾರು 10 ಮೈಕ್ರೋಮೀಟರ್. ಹೊರಗಿರುವಾಗ ಎರಡು ಕಶಾಂಗಗಳಿಂದ (ಚಾಟಿಯಂತಹ ಎಳೆಗಳಿಂದ) ಈಜುತ್ತದೆ. ಒಳಸೇರಿದ ಮೇಲೆ ಅವನ್ನು ಕಳಚಿಕೊಂಡು ದುಂಡಗಾಗುತ್ತದೆ.

ಎಡವುವುದು ಇಲ್ಲಿಯೇ. ಪಾಚಿ ಬಾಯಿಯಿಂದ ಒಳಗೆ ಹೋಯಿತು ಎಂದರೆ ಹವಳದ ಕೋಶದೊಳಗೆ ಹೋಯಿತು ಎಂದಲ್ಲ. ಬಾಯಿಯ ಆಚೆ ಇರುವುದು ಜಠರಾವಕಾಶ, ಅಂದರೆ ನೀರು ತುಂಬಿದ ಬರೀ ಟೊಳ್ಳು. ಜಗುಲಿಗೆ ಬಂದ ನೆಂಟ ಇನ್ನೂ ಹೊಸ್ತಿಲು ದಾಟಿರುವುದಿಲ್ಲವಲ್ಲ, ಹಾಗೆ. ಆ ಟೊಳ್ಳಿನ ಗೋಡೆಯ ಕೋಶವೊಂದು ತನ್ನ ಪೊರೆಯನ್ನು ಚಾಚಿ ಪಾಚಿಯನ್ನು ಸುತ್ತುವರಿದು ಒಳಗೆಳೆದುಕೊಳ್ಳಬೇಕು. ಇದು ಎರಡನೆಯ ನುಂಗುವಿಕೆ. ಸುತ್ತಿದ ಪೊರೆ ಪಾಚಿಯ ಮೈಮೇಲೆಯೇ ಉಳಿಯುತ್ತದೆ, ಹಾಗಾಗಿ ಪಾಚಿ ಕೋಶದೊಳಗೂ ಒಂದು ಚೀಲದಲ್ಲಿಯೇ ಇರುತ್ತದೆ. ಸಾಮಾನ್ಯವಾಗಿ ಇಂತಹ ಚೀಲಕ್ಕೆ ಲೈಸೋಸೋಮ್ (ಕೋಶದ ಜೀರ್ಣಕಿಣ್ವಗಳ ಚೀಲ) ಬೆಸೆದು ಒಳಗಿನದು ಜೀರ್ಣವಾಗುತ್ತದೆ. ಸರಿಯಾದ ಪಾಚಿ ಒಳಗಿದ್ದರೆ ಆ ಹಾದಿ ತಪ್ಪಿ, ಚೀಲವು ಸಿಂಬಯೋಸೋಮ್, ಅಂದರೆ ಪಾಚಿ ನೆಲೆಸುವ ಮನೆ, ಆಗಿ ನಿಲ್ಲುತ್ತದೆ. ಮುಂದೆ ಸಕ್ಕರೆ ಹೊರಗೆ ಬರುವುದೂ ಸಾರಜನಕ ಒಳಗೆ ಹೋಗುವುದೂ ಇದೇ ಪೊರೆಯ ಮೂಲಕ.

ಹಾಗಾದರೆ ಆಯ್ಕೆ ನಡೆಯುವುದು ಎಲ್ಲಿ? ಪಾಚಿಯ ಮೈಮೇಲಿನ ಸಕ್ಕರೆ ಸರಪಳಿಗಳನ್ನು ಹವಳದ ಲೆಕ್ಟಿನ್ ಪ್ರೋಟೀನುಗಳು ಹಿಡಿಯುತ್ತವೆ ನಿಜ, ಆದರೆ ತಪಾಸಣೆ ಬಾಗಿಲಲ್ಲಿಯೇ ಮುಗಿಯುವುದಿಲ್ಲ. ಹವಳದ ಬಂಧುವಾದ ಐಪ್ಟೇಸಿಯಾ ಕಡಲಹೂವಿನ ಲಾರ್ವಾಗಳು ಹೊಂದದ ಪಾಚಿಯನ್ನೂ ನುಂಗುತ್ತವೆ, ಆಮೇಲೆ ಜೀರ್ಣಿಸದೆ ಹೊರದೂಡುತ್ತವೆ. ನನ್ನ ಮಟ್ಟಿಗೆ ಇಡೀ ಪಾಠದ ಅತಿ ಸೊಗಸಾದ ಸಂಗತಿ ಇದು.

ಈ ಪಾಚಿಗಳಲ್ಲಿ ಹಲವು ಬಗೆಗಳಿವೆ. ಹಳೆಯ ಪುಸ್ತಕಗಳು 'ಸಿ' ಮತ್ತು 'ಡಿ' ಎಂದು ಕರೆಯುತ್ತಿದ್ದ ಪಾಚಿ ಗುಂಪುಗಳು 2018ರ ನಂತರ ಕ್ಲಾಡೊಕೋಪಿಯಂ ಮತ್ತು ಡುರುಸ್ಡಿನಿಯಂ ಕುಲಗಳಾಗಿವೆ. ಎಳೆಯ ಪಾಲಿಪ್‌ಗಳಲ್ಲಿ ಇವೆರಡೂ ಬೆರೆತಿರಬಹುದು. ತಿಂಗಳುಗಳು ಕಳೆದಂತೆ ಒಂದು ಮೇಲುಗೈ ಪಡೆಯುತ್ತದೆ. ಯಾವುದು ಎಂಬುದು ಬದುಕಿನ ಪ್ರಶ್ನೆ: ಡುರುಸ್ಡಿನಿಯಂ ಬಿಸಿ ತಾಳಿಕೊಳ್ಳುತ್ತದೆ, ಆದರೆ ಅಕ್ರೋಪೋರಾ ಟೆನುಯಿಸ್‌ನ ಮರಿಗಳು ಕ್ಲಾಡೊಕೋಪಿಯಂ ಜೊತೆಗೆ ಎರಡು ಮೂರು ಪಟ್ಟು ವೇಗವಾಗಿ ಬೆಳೆದದ್ದು ಕಂಡುಬಂದಿದೆ.